ಮುದ್ದೆ ಬಿಟ್ಟ ಮೇಲೆ ಕಾಲು ಹಿಡಿದುಕೊಂಡಿದ್ದು

ರಾತ್ರಿ ಎರಡೂವರೆ ಇರಬಹುದು. ನಮ್ಮಿಬ್ಬರಲ್ಲಿ ದೊಡ್ಡವನು "ಅಯ್ಯಯ್ಯೋ" ಅಂತ ಕಿರುಚಿಕೊಂಡು ಎದ್ದು ಕೂತ. ಬಲಗಾಲಿನ ಮೀನಖಂಡ ಗಂಟು ಕಟ್ಟಿಕೊಂಡು ಕಲ್ಲಿನ ಹಾಗಾಗಿತ್ತು. ಹಾವೇನಾದರೂ ಕಚ್ಚಿತೋ ಏನೋ ಅಂತ ಚಿಕ್ಕವನು ಮೊಬೈಲ್ ಟಾರ್ಚ್ ಹಿಡಿದು ಚಾಪೆ ಕೆಳಗೆಲ್ಲ ಹುಡುಕಿದ. ಅಷ್ಟರಲ್ಲಿ ಅವ್ವ ಹರಳೆಣ್ಣೆ ಬಾಟ್ಲಿ ಹಿಡಿದುಕೊಂಡು ಒಳಗೆ ಬಂದಳು.

"ನರ ಹಿಡ್ಕಂಡದೆ ಕಣ್ಲಾ, ಅಲ್ಲಾಡ್‌ಬ್ಯಾಡ" ಅಂದು ಕಾಲು ತೊಡೆ ಮೇಲಿಟ್ಟುಕೊಂಡು ಉಜ್ಜತೊಡಗಿದಳು. ಉಜ್ಜುತ್ತಲೇ, "ಇಟ್ಟು ಬುಟ್ಟು ಬರೀ ಬಾಡು ತಿಂದ್ರೆ ಇನ್ನೇನಾದದು" ಅಂತ ಗೊಣಗಿದಳು.

ನಾವು ಬರೀ ಬಾಡು ತಿನ್ನಲು ಶುರು ಮಾಡಿ ಅವತ್ತಿಗೆ ಐದು ದಿನ ಆಗಿತ್ತು.

ನಮ್ಮದು ನಾಗಮಂಗಲ ತಾಲ್ಲೂಕಿನ ಒಂದು ಊರು. ಮನೆಯಲ್ಲಿ ಇರುವವರು ಮೂರೇ ಜನ, ನಾವಿಬ್ಬರು ಅಣ್ಣತಮ್ಮ ಮತ್ತು ಅವ್ವ. ದೊಡ್ಡವನು ಗೂಡ್ಸ್ ಆಟೋ ಓಡಿಸುತ್ತಾನೆ, 94 ಕೆ.ಜಿ. ತೂಗುತ್ತಿದ್ದ. ಚಿಕ್ಕವನದು ಕೂತು ಬರೆಯುವ ಕೆಲಸ, 86 ಕೆ.ಜಿ. ಹೆಣ್ಣು ನೋಡಲು ಹೋದ ಕಡೆಯೆಲ್ಲ "ಹುಡುಗ ಸ್ವಲ್ಪ ದಪ್ಪ" ಅನ್ನುವ ಮಾತು ಬರುತ್ತಿತ್ತು. (ರೈತರ ಮನೆಗೆ ಹೆಣ್ಣು ಕೊಡದೇ ಇರಲು ನೂರು ಕಾರಣ ಇವೆ, ದಪ್ಪ ಅನ್ನುವುದು ಅದರಲ್ಲಿ ಮರ್ಯಾದೆಯ ಕಾರಣ ಅಷ್ಟೇ.) ಮೊಬೈಲಿನಲ್ಲಿ ಒಂದು ವಿಡಿಯೋ ಸಿಕ್ಕಿತು. ಅನ್ನ ಇಲ್ಲ, ಮುದ್ದೆ ಇಲ್ಲ, ಕಾಳು ಇಲ್ಲ, ಸೊಪ್ಪು ಇಲ್ಲ, ಬರೀ ಮಾಂಸ ಮತ್ತು ಮೊಟ್ಟೆ. ಒಂದು ತಿಂಗಳಲ್ಲಿ ಹತ್ತು ಕೆ.ಜಿ. ಇಳಿಯುತ್ತದೆ ಅಂತ ಅದರಲ್ಲಿ ಹೇಳಿದ್ದರು. ಬಾಡು ತಿಂದು ಸಣ್ಣ ಆಗುವುದು ಅಂದರೆ ನಮ್ಮ ಕಡೆಯವರಿಗೆ ಇನ್ನೇನು ಬೇಕು? ಯುಗಾದಿಯ ಮಾರನೇ ದಿನ, ವರ್ಷತೊಡಕಿಗೆ, ಗುಡ್ಡೆ ಬಾಡು ಮನೆಗೆ ಬಂದ ದಿನವೇ ಶುರು ಮಾಡಿದೆವು.

ಗುಡ್ಡೆ ಬಾಡು ಎರಡು ದಿನಕ್ಕೆ ಮುಗಿಯಿತು. ಕೆ.ಜಿ.ಗೆ 800 ರೂಪಾಯಿ ಕೊಟ್ಟು ದಿನಾ ಕುರಿ ಮಾಂಸ ತಿನ್ನಲು ನಾವೇನು ಸಾಹುಕಾರರಲ್ಲ. ಹಾಗಾಗಿ ಫಾರಂ ಕೋಳಿಗೆ ಇಳಿದೆವು. ಕೊಬ್ಬು ಬೇಡ ಅಂತ ಚರ್ಮ ತೆಗೆಸಿದ್ದು, ಎದೆ ಭಾಗ. ಮಸಾಲೆ ಬೇಡ ಅಂತ ಬರೀ ನೀರಿನಲ್ಲಿ ಬೇಯಿಸಿದ್ದು. ಉಪ್ಪು ತಿಂದರೆ ಮೈಯಲ್ಲಿ ನೀರು ನಿಂತು ತೂಕ ಜಾಸ್ತಿ ತೋರಿಸುತ್ತದೆ ಅಂತ ದೊಡ್ಡವನು ಎಲ್ಲೋ ಓದಿದ್ದ, ಉಪ್ಪನ್ನೂ ಬಿಟ್ಟೆವು. ಬೆಂದ ನೀರು ವಾಸನೆ ಅಂತ ಅವ್ವ ಅದನ್ನು ಹಿತ್ತಲಲ್ಲಿ ನಾಯಿಗೆ ಹುಯ್ಯುತ್ತಿದ್ದಳು. ಆ ಒಂದು ತಿಂಗಳಲ್ಲಿ ನಮ್ಮ ಮನೆಯಲ್ಲಿ ಚೆನ್ನಾಗಿ ಇದ್ದದ್ದು ಅಂದರೆ ಆ ನಾಯಿ ಒಂದೇ.

ತೂಕ ಮಾತ್ರ ಇಳಿಯಿತು, ಸುಳ್ಳು ಹೇಳುವುದಿಲ್ಲ. ಮೊದಲ ವಾರದಲ್ಲೇ ದೊಡ್ಡವನಿಗೆ ನಾಲ್ಕು ಕೆ.ಜಿ., ಚಿಕ್ಕವನಿಗೆ ಮೂರು. ಊರಲ್ಲೆಲ್ಲ ಹೇಳಿಕೊಂಡು ಓಡಾಡಿದೆವು. ಆದರೆ ರಾತ್ರಿ ಆದರೆ ಕಾಲು. ಮೊದಲು ದೊಡ್ಡವನಿಗೆ, ಎರಡು ದಿನ ಬಿಟ್ಟು ಚಿಕ್ಕವನಿಗೆ. ಮೀನಖಂಡ, ಆಮೇಲೆ ಪಾದದ ಅಡಿ, ಒಂದು ದಿನ ತೊಡೆಯ ಹಿಂಭಾಗ. ಆಟೋದಲ್ಲಿ ಬ್ರೇಕ್ ಒತ್ತುವಾಗ ಹೆಬ್ಬೆರಳು ಸೆಟೆದುಕೊಂಡು ದೊಡ್ಡವನು ಬೆಳ್ಳೂರು ಕ್ರಾಸಿನ ಹತ್ತಿರ ಗಾಡಿ ಪಕ್ಕಕ್ಕೆ ಹಾಕಿ ಹತ್ತು ನಿಮಿಷ ಕೂತಿದ್ದನಂತೆ. ಅದು ಚೈತ್ರ ಮಾಸ, ಬಿಸಿಲು. ನೀರು ಕಮ್ಮಿ ಆಗಿರಬೇಕು ಅಂದುಕೊಂಡು ದಿನಕ್ಕೆ ಐದಾರು ಲೀಟರ್ ಬರೀ ನೀರು ಕುಡಿದೆವು. ಸೆಳೆತ ಇನ್ನೂ ಹೆಚ್ಚಾಯಿತು.

ಯಾಕೆ ಅಂತ ನಮಗೆ ತಿಳಿಸಿದ್ದು ನಮ್ಮ ಜೊತೆ ಓದಿದ ಗೆಳತಿಯೊಬ್ಬಳ ಅಕ್ಕ. ಅವರು ಆಸ್ಪತ್ರೆಯಲ್ಲಿ ಆಹಾರ ಸಲಹೆ ಕೊಡುವ ಕೆಲಸದಲ್ಲಿದ್ದಾರೆ. ಫೋನಿನಲ್ಲಿ ಅರ್ಧ ಗಂಟೆ ಮಾತಾಡಿದರು. ಅವರು ಹೇಳಿದ್ದನ್ನೂ, ಆಮೇಲೆ ನಾವು ಓದಿಕೊಂಡದ್ದನ್ನೂ ಸೇರಿಸಿ ಹೇಳುತ್ತೇವೆ.

ನಾವು ಉಣ್ಣುವ ಮುದ್ದೆ, ಅನ್ನದಲ್ಲಿ ಇರುವ ಪಿಷ್ಟದ ಒಂದು ಪಾಲನ್ನು ದೇಹ ಲಿವರ್‌ನಲ್ಲಿ ಮತ್ತು ಮಾಂಸಖಂಡಗಳಲ್ಲಿ ಕೂಡಿಡುತ್ತದೆ. ದೊಡ್ಡವರ ಮೈಯಲ್ಲಿ ಅದು ಸುಮಾರು ಅರ್ಧ ಕೆ.ಜಿ. ಇರುತ್ತದೆ. ಅದರ ಒಂದೊಂದು ಗ್ರಾಂ ಜೊತೆಗೂ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ. ಮುದ್ದೆ ನಿಂತ ತಕ್ಷಣ ಈ ದಾಸ್ತಾನು ಖಾಲಿ, ಅದರ ನೀರೂ ಮೂತ್ರದಲ್ಲಿ ಹೊರಗೆ. ನಾವು ಊರೆಲ್ಲ ಹೇಳಿಕೊಂಡು ಬಂದ ನಾಲ್ಕು ಕೆ.ಜಿ.ಯಲ್ಲಿ ಹೆಚ್ಚಿನ ಪಾಲು ನೀರೇ, ಕೊಬ್ಬಲ್ಲ.

ಇನ್ನೊಂದು ವಿಷಯ ಇನ್ಸುಲಿನ್‌ದು. ಇನ್ಸುಲಿನ್ ಅಂದರೆ ಸಕ್ಕರೆ ಕಾಯಿಲೆ ಅಷ್ಟೇ ಅಂತ ನಾವು ತಿಳಿದಿದ್ದೆವು. ಅದು ಮೂತ್ರಪಿಂಡಕ್ಕೆ "ಉಪ್ಪನ್ನು ಹೊರಗೆ ಬಿಡಬೇಡ, ಹಿಡಿದಿಟ್ಟುಕೋ" ಅಂತಲೂ ಹೇಳುತ್ತದಂತೆ. ಪಿಷ್ಟ, ಸಕ್ಕರೆ ನಿಲ್ಲಿಸಿದರೆ ಇನ್ಸುಲಿನ್ ಇಳಿಯುತ್ತದೆ, ಮೂತ್ರಪಿಂಡ ಉಪ್ಪನ್ನು ಬಿಟ್ಟುಬಿಡುತ್ತದೆ. ಅದರ ಮೇಲೆ ನಾವು ಊಟದಲ್ಲೂ ಉಪ್ಪು ಬಿಟ್ಟಿದ್ದೆವು. ಬೆವರಿನಲ್ಲಿ ಹೋಗಿದ್ದು ಬೇರೆ. ಮೇಲಿಂದ ಬರೀ ನೀರು ಸುರಿದುಕೊಂಡು, ಉಳಿದಿದ್ದ ಉಪ್ಪನ್ನೂ ತೆಳು ಮಾಡಿಕೊಂಡೆವು. ಮಾಂಸ ಬೇಯಿಸಿದಾಗ ಅದರಲ್ಲಿನ ಪೊಟ್ಯಾಸಿಯಂ, ಮೆಗ್ನೀಸಿಯಂನಲ್ಲಿ ಒಂದು ಪಾಲು ನೀರಿಗೆ ಇಳಿಯುತ್ತದೆ. ಆ ನೀರು ನಾಯಿಗೆ ಹೋಗುತ್ತಿತ್ತು.

ಸೆಳೆತಕ್ಕೆ ಉಪ್ಪೊಂದೇ ಕಾರಣ ಅಂತಲೂ ಅಲ್ಲ. ದಣಿದ ಖಂಡಕ್ಕೆ ಹೋಗುವ ನರ ಕೆರಳಿ ಬಿಡದೆ ಎಳೆಯುವುದರಿಂದ ಹೀಗಾಗುತ್ತದೆ ಅನ್ನುವ ಸಂಶೋಧಕರೂ ಇದ್ದಾರೆ. ಅಮೆರಿಕದಲ್ಲಿ ಆಟಗಾರರು ಕಾಲು ಹಿಡಿದುಕೊಂಡಾಗ ಸೌತೆಕಾಯಿ ಉಪ್ಪಿನಕಾಯಿಯ ರಸ ಕುಡಿಯುತ್ತಾರೆ. 2010ರಲ್ಲಿ ಅದನ್ನು ಪರೀಕ್ಷೆ ಮಾಡಿ ನೋಡಿದಾಗ, ರಸದಲ್ಲಿನ ಉಪ್ಪು ರಕ್ತಕ್ಕೆ ಸೇರುವ ಮೊದಲೇ ಸೆಳೆತ ಬಿಟ್ಟಿತ್ತು. ಬಾಯಿ ಗಂಟಲಿಗೆ ಆ ಹುಳಿ ತಾಗಿದ್ದೇ ನರವನ್ನು ತಣಿಸಿರಬೇಕು ಅಂತ ಅವರ ಊಹೆ. ಇದನ್ನು ಓದಿ ಚಿಕ್ಕವನು ಮಧ್ಯರಾತ್ರಿ ಎರಡು ಚಮಚ ಮಾವಿನಕಾಯಿ ಉಪ್ಪಿನಕಾಯಿ ನೆಕ್ಕಿದ. ಅಲ್ಲಿನದು ವಿನೆಗರ್ ರಸ, ನಮ್ಮದು ಎಣ್ಣೆ ಖಾರ. ಕಾಲು ಬಿಡಲಿಲ್ಲ, ಎದೆ ಉರಿ ಬಂತು.

ಹಿಡಿದುಕೊಂಡ ಹೊತ್ತಿಗೆ ನಮಗೆ ಕೆಲಸಕ್ಕೆ ಬಂದದ್ದು ಒಂದೇ. ಮಂಡಿ ನೇರ ಮಾಡಿ, ಪಾದದ ಬೆರಳುಗಳನ್ನು ಕೈಯಲ್ಲಿ ಹಿಡಿದು ಮೊಣಕಾಲಿನ ಕಡೆಗೆ ನಿಧಾನವಾಗಿ ಎಳೆದುಕೊಳ್ಳುವುದು. ಎಟುಕದಿದ್ದರೆ ಟವೆಲ್ಲನ್ನು ಪಾದಕ್ಕೆ ಸುತ್ತಿ ಎಳೆಯಬಹುದು. ಅಥವಾ ಎದ್ದು ಗೋಡೆ ಹಿಡಿದು ಹಿಮ್ಮಡಿ ನೆಲಕ್ಕೆ ಊರಿ ನಿಲ್ಲುವುದು. ಅರ್ಧ ನಿಮಿಷ, ಒಂದು ನಿಮಿಷದಲ್ಲಿ ಗಂಟು ಬಿಡುತ್ತದೆ. ಬೆರಳನ್ನು ಕೆಳಕ್ಕೆ ಚಾಚಿದರೆ ಇನ್ನೂ ಬಿಗಿಯುತ್ತದೆ, ನಾವು ಮೊದಲ ವಾರ ಪೂರ್ತಿ ಮಾಡಿದ್ದು ಅದನ್ನೇ.

ಗೆಳತಿಯ ಅಕ್ಕ ಇನ್ನೂ ಎರಡು ಮಾತು ಹೇಳಿದ್ದರು. ಕೋಳಿ ಬೇಯಿಸಿದ ನೀರು ಚೆಲ್ಲಬೇಡಿ, ಉಪ್ಪು ಹಾಕಿಕೊಂಡು ಕುಡಿಯಿರಿ ಅನ್ನುವುದು ಒಂದು. ಕಾಲು ಸೂಪು ಆದರೆ ಇನ್ನೂ ಒಳ್ಳೆಯದು. ಅಲ್ಲಿಯವರೆಗೆ ಓ.ಆರ್.ಎಸ್. ಕುಡಿಯಿರಿ ಅಂದರು. ದೊಡ್ಡವನು ಪ್ಯಾಕೆಟ್ ಹಿಂದೆ ಓದಿ "ಇದರಲ್ಲಿ ಗ್ಲೂಕೋಸ್ ಅದೆ, ನಮ್ ಡಯಟ್ಟು ಕೆಡ್ತದೆ" ಅಂತ ಕುಡಿಯಲೇ ಇಲ್ಲ. ಎಷ್ಟು ಮೊಂಡುತನ ಅಂದರೆ ಅಷ್ಟು. ಸೂಪು ಕುಡಿದ. ಉಪ್ಪು ಹಾಕಿದ ಸೂಪು ಶುರು ಮಾಡಿದ ಮೂರು ನಾಲ್ಕು ದಿನದಲ್ಲಿ ಇಬ್ಬರಿಗೂ ಸೆಳೆತ ಮುಕ್ಕಾಲು ಪಾಲು ನಿಂತಿತು.

ಎರಡನೆಯದು ಒಂದು ಪ್ರಶ್ನೆ. "ಬಿ.ಪಿ. ಮಾತ್ರೆ, ಶುಗರ್ ಮಾತ್ರೆ ಏನಾದರೂ ತಗೋತಿದ್ದೀರಾ? ಕಿಡ್ನಿ ತೊಂದರೆ ಇದೆಯಾ? ಇದ್ದರೆ ನಾನು ಹೇಳಿದ್ದು ಯಾವುದನ್ನೂ ಮಾಡಬೇಡಿ, ಮೊದಲು ಡಾಕ್ಟರ್ ಹತ್ತಿರ ಹೋಗಿ" ಅಂದಿದ್ದರು. ಅವರು ಕೇಳಿದ್ದು ನಮ್ಮಿಬ್ಬರ ಬಗ್ಗೆ. ನಮ್ಮಿಬ್ಬರಿಗೂ ಏನೂ ಇರಲಿಲ್ಲ. ಇಲ್ಲ ಅಂದು ಫೋನ್ ಇಟ್ಟೆವು.

ಇಪ್ಪತ್ತಾರನೇ ದಿನ ಬೆಳಗಿನ ಜಾವ ಅವ್ವ ಹಾಲು ಕರೆಯಲು ಹೋದವಳು ಕೊಟ್ಟಿಗೆಯಲ್ಲಿ ಬಿದ್ದಳು. ಸ್ಟೀಲ್ ಬಕೆಟ್ ಉರುಳಿದ ಸದ್ದಿಗೆ ನಾವು ಎದ್ದು ಓಡಿದೆವು. ಪ್ರಜ್ಞೆ ಇತ್ತು, ಆದರೆ ಮಾತು ತೊದಲುತ್ತಿತ್ತು. ತೀರಿಕೊಂಡು ಆರು ವರ್ಷ ಆದ ಅಪ್ಪ ಎಲ್ಲಿಗೆ ಹೋದರು ಅಂತ ಕೇಳಿದಳು. ಆಟೋದ ಹಿಂದೆ ಹಾಸಿಗೆ ಹಾಸಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋದೆವು.

ರಕ್ತ ಪರೀಕ್ಷೆಯಲ್ಲಿ ಸಕ್ಕರೆ 62 ಇತ್ತು. ಸೋಡಿಯಂ 121. ಸೋಡಿಯಂ 135ರಿಂದ 145 ಇರಬೇಕು. ಡಾಕ್ಟರು ನಮ್ಮನ್ನು ಕೇಳಿದರು, "ಏನು ಊಟ ಮಾಡ್ತಾರೆ?" ನಾವು "ಮಾಮೂಲಿ ಸಾರ್, ಮುದ್ದೆ ಸಾರು" ಅಂದೆವು. ಅವ್ವನನ್ನೇ ಕೇಳಿದಾಗ ಅವಳು ಹೇಳಿದ್ದು, "ಇವರು ಉಣ್ಣದ್ನೇ ನಾನೂವೆ."

ನಮಗೆ ಗೊತ್ತೇ ಇರಲಿಲ್ಲ. ಅವ್ವನಿಗೆ ಎಂಟು ವರ್ಷದಿಂದ ಬಿ.ಪಿ., ನಾಲ್ಕು ವರ್ಷದಿಂದ ಶುಗರ್. ನಾವು ವಿಡಿಯೋ ಹಾಕಿಕೊಂಡು ನೋಡುವಾಗ "ಇದರಿಂದ ಸಕ್ಕರೆ ಕಾಯಿಲೆ ವಾಸಿ ಆಗ್ತದೆ" ಅನ್ನುವ ಮಾತು ಅಡುಗೆ ಮನೆಯಲ್ಲಿದ್ದ ಅವಳ ಕಿವಿಗೂ ಬಿದ್ದಿತ್ತು. ಇಬ್ಬರು ಮಕ್ಕಳು ಮುದ್ದೆ ಬಿಟ್ಟ ಮೇಲೆ ಒಬ್ಬಳಿಗೋಸ್ಕರ ಹಿಟ್ಟು ತೊಳಸುವುದು ಯಾಕೆ ಅಂತ ಅವಳೂ ಬಿಟ್ಟಳು. ಮುದ್ದೆ ಬಿಟ್ಟಳು ಸರಿ, ಬಾಡು ತಿಂದಳಾ? ಒಂದು ಕೋಳಿಯಲ್ಲಿ ನಮ್ಮಿಬ್ಬರಿಗೆ ಬಡಿಸಿ ಉಳಿದದ್ದು ಕುತ್ತಿಗೆ, ರೆಕ್ಕೆ ತುದಿ. ಅದೇ ಅವಳ ಊಟ. ಸೋಮವಾರ ನಮ್ಮ ಮನೆದೇವರ ವಾರ, ಒಲೆ ಮೇಲೆ ಬಾಡು ಇಡುವುದಿಲ್ಲ. ನಾವಿಬ್ಬರು ಆವತ್ತು ಕ್ರಾಸಿನ ಹೋಟೆಲಿಗೆ ಹೋಗಿ ತಿಂದು ಬರುತ್ತಿದ್ದೆವು. ಅವ್ವ ಎರಡು ಲೋಟ ಕಾಫಿ ಕುಡಿದು ದಿನ ಕಳೆಯುತ್ತಿದ್ದಳು. ನಾವು ಮನೆಗೆ ಬಂದು "ಉಂಡ್ಯಾ ಅವ್ವ?" ಅಂತ ಕೇಳುತ್ತಿದ್ದೆವು, ಅವಳು "ಊಂ" ಅನ್ನುತ್ತಿದ್ದಳು.

ಮಾತ್ರೆ ಮಾತ್ರ ಒಂದು ದಿನವೂ ತಪ್ಪಿಸಿರಲಿಲ್ಲ. ಸಮಸ್ಯೆ ಅಲ್ಲೇ ಇತ್ತು. ಅವಳ ಬಿ.ಪಿ. ಮಾತ್ರೆಯಲ್ಲಿ ಎರಡು ಔಷಧಿ ಸೇರಿವೆ, ಅದರಲ್ಲಿ ಒಂದು ಹೈಡ್ರೋಕ್ಲೋರೋಥಯಾಜೈಡ್. ಅದರ ಕೆಲಸವೇ ಮೈಯಲ್ಲಿನ ಉಪ್ಪು ಮತ್ತು ನೀರನ್ನು ಮೂತ್ರದಲ್ಲಿ ಹೊರಗೆ ಕಳಿಸಿ ಬಿ.ಪಿ. ಇಳಿಸುವುದು. ಮಾಮೂಲಿ ಊಟ ಇದ್ದಾಗ ಅದು ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಊಟದಿಂದಲೂ ಉಪ್ಪು ಹೋಗಿ, ಮುದ್ದೆ ನಿಂತು ಮೂತ್ರಪಿಂಡದಿಂದಲೂ ಉಪ್ಪು ಹೋಗಿ, ಮಾತ್ರೆಯೂ ಉಪ್ಪು ತಳ್ಳಿದರೆ? ಶುಗರ್ ಮಾತ್ರೆ ಗ್ಲಿಮೆಪಿರೈಡ್. ಹೊಟ್ಟೆಯಲ್ಲಿ ಊಟ ಇದ್ದರೂ ಇಲ್ಲದಿದ್ದರೂ ಅದು ಸಕ್ಕರೆ ಇಳಿಸುತ್ತದೆ. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಶುಗರ್‌ಗೆ ಡಾಪಾಗ್ಲಿಫ್ಲೋಜಿನ್ ತರಹದ ಮಾತ್ರೆ ತೆಗೆದುಕೊಳ್ಳುವವರು ಹೀಗೆ ಅನ್ನ ಮುದ್ದೆ ಪೂರ್ತಿ ಬಿಟ್ಟರೆ, ಸಕ್ಕರೆ ಸರಿಯಾಗಿಯೇ ಇದ್ದರೂ ರಕ್ತದಲ್ಲಿ ಆಮ್ಲ ಏರಿ ಪ್ರಾಣಕ್ಕೆ ಬರಬಹುದು ಅಂತಲೂ ಅವರೇ ತಿಳಿಸಿದರು. ಊರಿಗೆ ಹೋಗಿ ಎಲ್ಲರಿಗೂ ಹೇಳಿ ಅಂದರು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ.

ಡ್ರಿಪ್ ಹಾಕಿದ ಮೇಲೆ ಒಂದು ದಿನದಲ್ಲಿ ಸರಿಹೋಗುತ್ತದೆ ಅಂತ ನಾವು ಅಂದುಕೊಂಡಿದ್ದೆವು. ಸೋಡಿಯಂ ಬೇಗ ಬೇಗ ಏರಿಸಿದರೆ ಮೆದುಳಿಗೇ ಪೆಟ್ಟು ಬೀಳುತ್ತದಂತೆ. ಸ್ವಲ್ಪ ಸ್ವಲ್ಪವೇ ಏರಿಸಿ, ಮತ್ತೆ ಮತ್ತೆ ರಕ್ತ ತೆಗೆದು ನೋಡುತ್ತಿದ್ದರು. ನಾಲ್ಕು ದಿನ ವಾರ್ಡಿನಲ್ಲಿ ಇದ್ದೆವು.

ಎರಡನೇ ರಾತ್ರಿ ಅವ್ವನ ಕಾಲು ಹಿಡಿದುಕೊಂಡಿತು. ಅವಳು ಕಿರುಚಲಿಲ್ಲ. ಹಲ್ಲು ಕಚ್ಚಿ, ಸೆರಗು ಬಾಯಿಗೆ ತುರುಕಿಕೊಂಡು, ಮಂಚದ ಕಂಬಿ ಹಿಡಿದುಕೊಂಡಿದ್ದಳು. ನೋಡಿದ್ದು ಚಿಕ್ಕವನು. ಕೇಳಿದರೆ, ಮನೆಯಲ್ಲೂ ಎರಡು ವಾರದಿಂದ ದಿನಾ ರಾತ್ರಿ ಹೀಗೇ ಆಗುತ್ತಿತ್ತು ಅಂದಳು. ನಮ್ಮ ಕಾಲು ಉಜ್ಜಿ, ನಾವು ನಿದ್ದೆ ಹೋದ ಮೇಲೆ ಒಳಗೆ ಹೋಗಿ ತನ್ನ ಕಾಲು ತಾನೇ ಉಜ್ಜಿಕೊಳ್ಳುತ್ತಿದ್ದಳಂತೆ. "ಯಾಕವ್ವ ಹೇಳ್ಲಿಲ್ಲ?" ಅಂದರೆ, "ನಿಮಗೇ ನಿದ್ದೆ ಇರ್ನಿಲ್ವಲ್ಲ ಮಗಾ."

ಒಂದು ಸಂಗತಿ ಹೇಳಲೇಬೇಕು. ಅವಳಿಗೂ ಹಾಗಾಗುತ್ತಿದೆ ಅಂತ ನಮಗೆ ಮೊದಲೇ ತಿಳಿದಿದ್ದರೆ, ನಮಗೆ ಗುಣ ಮಾಡಿದ ಉಪ್ಪಿನ ಸೂಪನ್ನೇ ಲೋಟಗಟ್ಟಲೆ ಕುಡಿಸುತ್ತಿದ್ದೆವು. ಅದೂ ತಪ್ಪಾಗುತ್ತಿತ್ತು. ಬಿ.ಪಿ. ಇರುವವರಿಗೆ ಉಪ್ಪು ಸುರಿದರೆ ಬಿ.ಪಿ. ಏರುತ್ತದೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಂದು ಟೀ ಚಮಚದ ಒಳಗೆ, ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಈ ಮಾಂಸದ ಊಟದ ಪರ ಮಾತಾಡುವವರು ಉಪ್ಪು ಜಾಸ್ತಿ ತಿನ್ನಿ ಅನ್ನುತ್ತಾರೆ. ಆ ಊಟದಲ್ಲಿ ಇರುವ ಆರೋಗ್ಯವಂತರಿಗೆ ಆ ಮಾತು ಸರಿ ಇರಬಹುದು, ನಮಗೆ ಸರಿಯಾಗಿಯೇ ಕೆಲಸ ಮಾಡಿತು. ಅವ್ವನಿಗೆ ಬೇಕಿದ್ದದ್ದು ಮಾತ್ರೆ ಬದಲಾವಣೆ ಮತ್ತು ಹೊಟ್ಟೆ ತುಂಬ ಊಟ. ಹಾಗಂತ ಮಾತ್ರೆಯನ್ನು ನಾವೇ ನಿಲ್ಲಿಸುವುದಲ್ಲ, ಅದು ಇನ್ನೊಂದು ಅಪಾಯ. ಡಾಕ್ಟರೇ ಬಿ.ಪಿ. ಮಾತ್ರೆ ಬದಲಿಸಿಕೊಟ್ಟರು.

ಆಸ್ಪತ್ರೆ ಬೆಂಚಿನ ಮೇಲೆ ಕೂತು ಆ ವಿಡಿಯೋವನ್ನು ಇನ್ನೊಂದು ಸಲ ನೋಡಿದೆವು. ಅದರಲ್ಲಿ ಸ್ಟೆಫಾನ್ಸನ್ ಅನ್ನುವವರ ಕಥೆ ಬರುತ್ತದೆ. ಉತ್ತರ ಧ್ರುವದ ಕಡೆ ಇನುಯಿಟ್ ಜನರ ಜೊತೆ ವರ್ಷಗಟ್ಟಲೆ ಇದ್ದು ಮಾಂಸ, ಮೀನು ತಿಂದೇ ಬದುಕಿದ್ದ ಮನುಷ್ಯ. 1928ರಲ್ಲಿ ಅವರೂ ಇನ್ನೊಬ್ಬರೂ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಗೆ ಸೇರಿ ಒಂದು ವರ್ಷ ಬರೀ ಮಾಂಸ ತಿಂದು ತೋರಿಸಿದರು, ಏನೂ ಆಗಲಿಲ್ಲ ಅಂತ ವಿಡಿಯೋ ಹೇಳುತ್ತದೆ. ಅದು ನಿಜವೇ. ಆದರೆ ಉಳಿದ ಅರ್ಧ ಕಥೆ ಅದರಲ್ಲಿ ಇಲ್ಲ. ಶುರುವಿನಲ್ಲಿ ಸ್ಟೆಫಾನ್ಸನ್‌ಗೆ ಕೊಬ್ಬಿಲ್ಲದ ಮಾಂಸ ಮಾತ್ರ ಕೊಟ್ಟಾಗ ಎರಡು ಮೂರು ದಿನದಲ್ಲೇ ಹೊಟ್ಟೆ ಕೆಟ್ಟು ಕಾಯಿಲೆ ಬಿದ್ದರು. ಕೊಬ್ಬು ಸೇರಿಸಿದ ಮೇಲೆ ಸರಿಹೋದರು. ಅವರಿಬ್ಬರು ತಿಂದದ್ದು ಲಿವರ್, ಮೂತ್ರಪಿಂಡ, ಮೆದುಳು, ಮೂಳೆಯೊಳಗಿನ ಮಜ್ಜೆ ಎಲ್ಲವನ್ನೂ. ಅವರಿಗೆ ಶಕ್ತಿ ಸಿಗುತ್ತಿದ್ದದ್ದು ಹೆಚ್ಚಾಗಿ ಕೊಬ್ಬಿನಿಂದ. ಸುತ್ತಲೂ ಡಾಕ್ಟರುಗಳು ನಿಂತು ಪರೀಕ್ಷೆ ಮಾಡುತ್ತಿದ್ದರು. ನಾವು ಚರ್ಮ ತೆಗೆಸಿದ ಫಾರಂ ಕೋಳಿ ಎದೆ ತಿಂದು, ಸಾರನ್ನು ನಾಯಿಗೆ ಹುಯ್ದು, ಅವರ ಹಾಗೆಯೇ ಮಾಡುತ್ತಿದ್ದೇವೆ ಅಂದುಕೊಂಡಿದ್ದೆವು.

ಈಗ ಮನೆಯಲ್ಲಿ ಮುದ್ದೆ ವಾಪಸ್ ಬಂದಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ, 130ಕ್ಕೂ ಹೆಚ್ಚು ಮಿಲಿಗ್ರಾಂ ಮೆಗ್ನೀಸಿಯಂ ಇರುತ್ತದೆ. ಅಷ್ಟೇ ಕೋಳಿ ಮಾಂಸದಲ್ಲಿ ಮೆಗ್ನೀಸಿಯಂ ಇರುವುದು ಇಪ್ಪತ್ತು ಮೂವತ್ತು ಮಿಲಿಗ್ರಾಂ. ಹಾಗಂತ ಮುದ್ದೆ ಉಂಡರೆ ಕಾಲು ಹಿಡಿದುಕೊಳ್ಳುವುದೇ ಇಲ್ಲ ಅಂತ ನಾವು ಹೇಳುವುದಿಲ್ಲ, ನಮ್ಮೂರಲ್ಲಿ ಜೀವನಪೂರ್ತಿ ಮುದ್ದೆ ಉಂಡವರಿಗೂ ರಾತ್ರಿ ಕಾಲು ಎಳೆಯುತ್ತದೆ. ಮೆಡಿಕಲ್ ಶಾಪಿನವರು ಮೆಗ್ನೀಸಿಯಂ ಮಾತ್ರೆ ಕೊಡುತ್ತಾರೆ. ವಯಸ್ಸಾದವರ ರಾತ್ರಿ ಸೆಳೆತಕ್ಕೆ ಅದರಿಂದ ಹೇಳಿಕೊಳ್ಳುವಂಥ ಉಪಯೋಗ ಕಾಣುವುದಿಲ್ಲ ಅಂತ 2020ರ ಕಾಕ್ರೇನ್ ವರದಿ ಹೇಳಿದೆ. ನಾವು 300 ರೂಪಾಯಿ ಕೊಟ್ಟು ತಂದ ಮೇಲೆ ಓದಿದ್ದು. ಒಂದೇ ಕಾಲು ಊದಿ, ಕೆಂಪಾಗಿ, ಮುಟ್ಟಿದರೆ ಬಿಸಿ ಇದ್ದರೆ ಅದು ಸೆಳೆತ ಅಲ್ಲ, ರಕ್ತ ಹೆಪ್ಪುಗಟ್ಟಿರಬಹುದು. ಎಣ್ಣೆ ಹಾಕಿ ಉಜ್ಜುತ್ತಾ ಕೂರದೆ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಇಳಿದ ತೂಕದಲ್ಲಿ ಅರ್ಧ ವಾಪಸ್ ಬಂದಿದೆ. ದೊಡ್ಡವನು ಈಗ ಎರಡು ಮುದ್ದೆ ಬದಲು ಒಂದು ಉಣ್ಣುತ್ತಾನೆ, ಸಂಜೆ ಕೆರೆ ಏರಿ ಮೇಲೆ ನಡೆಯುತ್ತಾನೆ. ಅವ್ವನಿಗೆ ಮೊದಲು ಬಡಿಸಿ ಆಮೇಲೆ ನಾವು ಕೂರುವುದು ಅಂತ ಮಾಡಿಕೊಂಡಿದ್ದೇವೆ. ಅವಳು ಒಪ್ಪುವುದಿಲ್ಲ, ದಿನಾ ಜಗಳ. ಕೊನೆಗೆ ಮೂರೂ ತಟ್ಟೆ ಒಟ್ಟಿಗೆ ಇಡುತ್ತೇವೆ.

ಅವಳ ಕಾಲು ಈಗಲೂ ವಾರಕ್ಕೊಂದು ಸಲ ಹಿಡಿದುಕೊಳ್ಳುತ್ತದೆ. ಈಗ ಕೂಗುತ್ತಾಳೆ. ಇಬ್ಬರಲ್ಲಿ ಮೊದಲು ಎಚ್ಚರ ಆದವರು ಹೋಗಿ ಬೆರಳು ಹಿಡಿದು ಎಳೆಯುತ್ತೇವೆ. ಮುಂದಿನ ಮಂಗಳವಾರ ಮತ್ತೆ ಸೋಡಿಯಂ ಪರೀಕ್ಷೆ ಇದೆ.